ಈ ಹುಡುಗನ ಅವ್ವ ಎಲ್ಲದಾಳ?

ಸಭಾಪಾಲಕರಿಗೆ, ಹಿರಿಯರಿಗೆ, ಮಹಿಳಾ ಸಂಘದ ಅಕ್ಕಂದಿರಿಗೆ, ಮಕ್ಕಳನ್ನು ಕರೆದುಕೊಂಡು ಬಂದ ಭಾನುವಾರ ಶಾಲೆಯ ಶಿಕ್ಷಕರಿಗೆ ನಮಸ್ಕಾರ. ಆಫ್ರಿಕಾದ ಸಭೆಗಳಿಗೂ ಅಲ್ಲಿಯ ದಿಕ್ಕಿಲ್ಲದ ಮಕ್ಕಳಿಗೂ ಮಿಷನ್ನುಗಳು ಮಾಡಿದ ಕೆಲಸದ ಬಗ್ಗೆ ಮಾತಾಡಬೇಕೆಂದು ಕೇಳಿದಿರಿ. ಈ ಸಲದ ಸುಗ್ಗಿ ಹಬ್ಬದ ಹರಾಜಿನ ಹಣವನ್ನು ಘಾನಾದ ಒಂದು ಮಕ್ಕಳ ಮನೆಗೆ ಕಳಿಸುವ ಯೋಚನೆ ನಿಮ್ಮಲ್ಲಿದೆ ಎಂದೂ ಹೇಳಿದಿರಿ. ಹಾಗಾಗಿ ಬರೀ ಚರಿತ್ರೆ ಹೇಳಿ ಇಳಿದುಹೋಗಲು ಮನಸ್ಸಿಲ್ಲ.

1985ರ ಮಾತು. ಇಥಿಯೋಪಿಯಾದಲ್ಲಿ ಘೋರ ಬರ. ನಮ್ಮ ಮನೆಗೆ ಒಂದು ಕರಪತ್ರ ಬಂತು. ಅದರ ಮೇಲೆ ತಗಡಿನ ಬಟ್ಟಲು ಹಿಡಿದ ಒಬ್ಬ ಹುಡುಗನ ಚಿತ್ರ. ತಿಂಗಳಿಗೆ ಇಷ್ಟು ಕೊಟ್ಟರೆ ಈ ಅನಾಥ ಮಗುವಿಗೆ ಊಟ, ಬಟ್ಟೆ, ಶಾಲೆ ಎಂದು ಬರೆದಿತ್ತು. ಅಪ್ಪ ಹಣ ಎಣಿಸುತ್ತ ಕೂತಿದ್ದರು. ಅಜ್ಜಿ ಕರಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಕೇಳಿದರು: "ಈ ಹುಡುಗನ ಅವ್ವ ಎಲ್ಲದಾಳ?"

"ತೀರಿಕೊಂಡಿರಬೇಕು ಬಿಡವ್ವ" ಅಂದರು ಅಪ್ಪ.

"ಹಂಗಂತ ಇದರಾಗ ಬರದಾರೇನು?"

ಬರೆದಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದರೂ ಆ ಹುಡುಗನ ಅವ್ವನ ಬಗ್ಗೆ ಒಂದಕ್ಷರ ಇರಲಿಲ್ಲ.

ಅಜ್ಜಿಗೆ ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅವರ ತಾಯಿ ಧಾತು ಈಶ್ವರ ಬರದ ಮಗು. 1876ರಿಂದ 78ರವರೆಗೆ ನಮ್ಮ ಉತ್ತರ ಕರ್ನಾಟಕ ಹಸಿವಿನಿಂದ ಸತ್ತ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಬದುಕಿಸಿ ಬೆಳೆಸಿದ ಮಕ್ಕಳಲ್ಲಿ ಒಬ್ಬರು. ಅಕ್ಷರ ಕಲಿತರು, ಬೆಟಗೇರಿಯಲ್ಲಿ ಮಗ್ಗದ ಕೆಲಸ ಕಲಿತರು, ಹೊಸ ಹೆಸರು ಪಡೆದರು, ಲಗ್ನವಾದರು. ತಮ್ಮ ಊರು ಯಾವುದು ಅನ್ನುವುದು ಮಾತ್ರ ಸಾಯುವತನಕ ಗೊತ್ತಾಗಲಿಲ್ಲ. ಮನೆ ಮುಂದೆ ಒಂದು ಕಟ್ಟೆ ಇತ್ತು, ಕಟ್ಟೆಗೆ ಒಂದು ಕರಿ ಆಕಳು ಕಟ್ಟಿತ್ತು. ಅಷ್ಟೇ ಅವರ ನೆನಪು. ಆ ಮಿಷನ್ ಇಲ್ಲದಿದ್ದರೆ ನಾನು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಈ ಋಣವನ್ನು ತಲೆಬಾಗಿ ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ.

ಬಾಸೆಲ್ ಮಿಷನ್ ಅಂದರೆ ನಮಗೆ ಮಂಗಳೂರು, ಧಾರವಾಡ, ಹಂಚು, ಕಿಟ್ಟೆಲರ ನಿಘಂಟು. ಆದರೆ ಆ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1828ರಲ್ಲಿ, ಅವರ ನಾಲ್ಕು ಮಂದಿ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಈಗಿನ ಘಾನಾದಲ್ಲಿ, ಇಳಿದಿದ್ದರು. ಇಂದಿನ ಅಕ್ರಾ ನಗರದ ಓಸು ಭಾಗದಲ್ಲಿ ಡೆನ್ಮಾರ್ಕಿನವರ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯಿತ್ತು. ಅದರ ನೆರಳಲ್ಲಿ ಬೀಡುಬಿಟ್ಟ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಜ್ವರಕ್ಕೆ ಬಲಿಯಾದರು. ನಾಲ್ಕನೆಯವನೂ ಬಹಳ ದಿನ ಬದುಕಲಿಲ್ಲ. ಮತ್ತೆ ಮೂವರು ಹೋದರು. ಅವರಲ್ಲಿ ಇಬ್ಬರು ಸತ್ತು ಆಂಡ್ರಿಯಾಸ್ ರೀಸ್ ಎಂಬವನೊಬ್ಬ ಉಳಿದ, ಅದೂ ಊರಿನ ನಾಟಿ ವೈದ್ಯರ ಔಷಧದಿಂದ. 1835ರಲ್ಲಿ ಆತ ಕರಾವಳಿ ಬಿಟ್ಟು ಬೆಟ್ಟದ ಮೇಲಿನ ಅಕ್ರೊಪಾಂಗ್ ಎಂಬ ಊರಿಗೆ ಹತ್ತಿದ. 1840ರ ಹೊತ್ತಿಗೆ, ಹನ್ನೆರಡು ವರ್ಷ ದುಡಿದ ಮೇಲೂ, ದೀಕ್ಷಾಸ್ನಾನ ಪಡೆದ ಒಬ್ಬನೂ ಇರಲಿಲ್ಲ.

ರೀಸ್ ಯುರೋಪಿಗೆ ಮರಳಲು ಹೊರಟಾಗ ಅಕ್ರೊಪಾಂಗಿನ ಅರಸ ನಾನಾ ಆಡೊ ಡಾಂಕ್ವಾ ಹೇಳಿದನೆನ್ನುವ ಮಾತು ಅಲ್ಲಿಯ ಸಭೆಯ ನೆನಪಿನಲ್ಲಿ ಇವತ್ತಿಗೂ ಇದೆ. ಪುಸ್ತಕ ಬಿಳಿಯರಿಗೆ ದೇವರು ಕೊಟ್ಟದ್ದೆಂದು ನಾವು ತಿಳಿದಿದ್ದೇವೆ; ಆ ಪುಸ್ತಕ ಓದಬಲ್ಲ ಕಪ್ಪು ಜನರನ್ನು ತೋರಿಸು, ಆಗ ನೋಡೋಣ ಎಂಬ ಅರ್ಥದ ಮಾತು ಅದು. ಎಂಥ ನ್ಯಾಯವಾದ ಬೇಡಿಕೆ! ಬಾಸೆಲ್ಲಿನವರು ಅದನ್ನು ತಳ್ಳಿಹಾಕಲಿಲ್ಲ. ಕೆರಿಬಿಯನ್ ದ್ವೀಪಗಳಾದ ಜಮೈಕಾ ಮತ್ತು ಆಂಟಿಗುವಾಕ್ಕೆ ಹೋಗಿ, ಗುಲಾಮಗಿರಿಯಿಂದ ಬಿಡುಗಡೆಯಾದ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಕುಟುಂಬಗಳನ್ನು ಕೇಳಿಕೊಂಡರು. ಸುಮಾರು ಇಪ್ಪತ್ತನಾಲ್ಕು ಜನ ಹೊರಟರು. 1843ರ ಏಪ್ರಿಲ್ ತಿಂಗಳಲ್ಲಿ ಹಡಗು ಕ್ರಿಶ್ಚಿಯನ್ಸ್‌ಬೋರ್ಗ್ ಮುಟ್ಟಿತು. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಒಂದೇ ಮಿಷನ್, ಒಂದೇ ವರ್ಷ.

ಅವರು ಬರುವಾಗ ಮಾವು, ಬೆಣ್ಣೆಹಣ್ಣು, ಕೆಸುವಿನಂಥ ಗೆಡ್ಡೆಯ ಸಸಿಗಳನ್ನೂ ತಂದರು. ನಮ್ಮ ನೆಲದ ಮಾವು ಜಮೈಕಾ ಸುತ್ತಿ ಅಕ್ರೊಪಾಂಗಿನ ಬೆಟ್ಟ ಹತ್ತಿದ್ದು ಹೀಗೆ. ಆದರೆ ನಾನು ಹೇಳಬೇಕಾದ್ದು ಆ ಹಡಗಿನಲ್ಲಿದ್ದ, ಇನ್ನೂ ಹದಿನಾರರ ಆಸುಪಾಸಿನ ಒಬ್ಬ ಹುಡುಗಿಯ ಕಥೆ.

ಅವಳ ಹುಟ್ಟಿದ ಹೆಸರು ಗೆವೆ. ಊರು ಅಂಗೋಲಾದ ಲುವಾಂಡಾ. ಆರು ವರ್ಷದವಳಿದ್ದಾಗ ಗುಲಾಮರ ವ್ಯಾಪಾರಿಗಳು ಅವಳನ್ನು ಕದ್ದು ಹಡಗಿಗೆ ಹಾಕಿದರು. 1833ರಲ್ಲಿ ಆ ಹಡಗು ಜಮೈಕಾದ ತೀರದಲ್ಲಿ ಒಡೆಯಿತು. ಬ್ರಿಟಿಷರು ಗುಲಾಮರ ಸಾಗಣೆಯನ್ನು ಆಗಲೇ ನಿಷೇಧಿಸಿದ್ದರಿಂದ ಉಳಿದವರಿಗೆ ಬಿಡುಗಡೆ ಸಿಕ್ಕಿತು. ಜಮೈಕಾದ ಗವರ್ನರ್ ಮಲ್ಗ್ರೇವ್ ಪ್ರಭು ಮತ್ತು ಅವನ ಹೆಂಡತಿ ಈ ಮಗುವನ್ನು ಮನೆಗೆ ಕರೆದುಕೊಂಡರು, ಓದಿಸಿದರು. ಹೆಸರು ಕ್ಯಾಥರಿನ್ ಮಲ್ಗ್ರೇವ್ ಆಯಿತು. ಮರುವರ್ಷವೇ ಗವರ್ನರ್ ಸಂಸಾರ ಇಂಗ್ಲೆಂಡಿಗೆ ಹೊರಟಿತು. ಹುಡುಗಿ ಹಿಂದೆ ಉಳಿದಳು, ಮೊರೇವಿಯನ್ನರ ಶಾಲೆಯಲ್ಲಿ ಬೆಳೆದು ಶಿಕ್ಷಕಿಯಾದಳು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗುಲಾಮಗಿರಿಯಿಂದ ಪಾರಾದಳು, ಅನ್ನ ಸಿಕ್ಕಿತು, ಅಕ್ಷರ ಸಿಕ್ಕಿತು. ಇದೆಲ್ಲ ದೊಡ್ಡ ಉಪಕಾರ, ಸಂಶಯವಿಲ್ಲ. ಆದರೆ ಲುವಾಂಡಾದಲ್ಲಿ ಒಬ್ಬ ತಾಯಿ ಇದ್ದಳಲ್ಲ? ಮಗಳು ಹಿಂತಿರುಗಿ ಅವಳ ಮಡಿಲು ಸೇರಲಿಲ್ಲ. ಅಜ್ಜಿಯ ತಾಯಿಯ ಕರಿ ಆಕಳಿನ ಹಾಗೆ ಇವಳಿಗೂ ಎಳೆತನದ ಚೂರುಪಾರು ಉಳಿದಿರಬೇಕು. ಈ ಕಥೆ ಓದಿದಾಗೆಲ್ಲ ನನಗೆ ಆ ತಾಯಿಯ ಮುಖವೇ ಕಣ್ಣ ಮುಂದೆ ಬರುತ್ತದೆ.

ಕ್ಯಾಥರಿನ್ ಜಮೈಕಾ ಬಿಡುವ ಮೊದಲು ಜಾರ್ಜ್ ಥಾಂಪ್ಸನ್ ಎಂಬ ಆಫ್ರಿಕಾ ಮೂಲದ ಮಿಷನರಿಯನ್ನು ಮದುವೆಯಾಗಿದ್ದಳು. ಅವನೂ ತವರಿನಿಂದ ದೂರ, ಬಾಸೆಲ್ ಹತ್ತಿರದ ಬಾಯ್ಗನ್ ಎಂಬಲ್ಲಿಯ ಮಕ್ಕಳ ಮನೆಯಲ್ಲಿ ಬೆಳೆದವನು. ಆ ಸಂಸಾರ ಅವನ ನಡತೆಯಿಂದ ಮುರಿಯಿತು. 1849ರಲ್ಲಿ ಮದುವೆ ರದ್ದಾಯಿತು. ಕೈಯಲ್ಲಿ ಮಕ್ಕಳು, ಪರದೇಶ. ಆಕೆ ಜಮೈಕಾಕ್ಕೆ ಮರಳಬಹುದಿತ್ತು. ಬಂದವರು ಬಯಸಿದರೆ ಐದು ವರ್ಷದ ನಂತರ ವಾಪಸು ಕಳಿಸುವ ಕರಾರೂ ಇತ್ತು. ಹೋಗಲಿಲ್ಲ. ಕ್ರಿಶ್ಚಿಯನ್ಸ್‌ಬೋರ್ಗಿನಲ್ಲಿ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಹಾಡು ಕಲಿಸುತ್ತ ನಿಂತಳು. ಬಿಳಿಯ ಬೋಧಕರು ಹನ್ನೆರಡು ವರ್ಷ ಸಾರಿದರೂ ಹುಟ್ಟದ ಸಭೆ ಇಂಥ ಶಾಲೆಗಳ ಅಂಗಳದಲ್ಲಿ ಹುಟ್ಟಿತು. ಕ್ಯಾಥರಿನ್, ಆಕೆಯ ಜೊತೆ ಬಂದ ಕ್ಲರ್ಕ್, ಹಾಲ್, ಮಲ್ಲಿಂಗ್ಸ್ ಮನೆತನಗಳು, ಅವರಿಂದ ಕಲಿತ ಆ ಊರಿನ ಹುಡುಗ ಹುಡುಗಿಯರು, ಇವರೇ ಅದನ್ನು ಕಟ್ಟಿದವರು. ಚರಿತ್ರೆ ಬರೆಯುವಾಗ ಹೊರಗಿನಿಂದ ಬಂದ ಪಾದ್ರಿಗಳ ಹೆಸರು ಮೊದಲಿಗೆ ಬರುತ್ತದೆ. ಅದು ತಿರುವು ಮುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

1851ರಲ್ಲಿ ಆಕೆ ಯೋಹಾನ್ಸ್ ಜಿಮ್ಮರ್‌ಮನ್ ಎಂಬ ಜರ್ಮನ್ ಮಿಷನರಿಯನ್ನು ಮದುವೆಯಾದಳು. ಬಾಸೆಲ್ ಮಿಷನ್ನಿನಲ್ಲಿ ಕಮಿಟಿಯ ಒಪ್ಪಿಗೆ ಇಲ್ಲದೆ ಯಾರೂ ಮದುವೆಯಾಗುವಂತಿರಲಿಲ್ಲ. ಇವನು ಒಪ್ಪಿಗೆಗೆ ಕಾಯಲಿಲ್ಲ. ಅದೂ ಕಪ್ಪು ಹೆಣ್ಣು, ಮದುವೆ ಮುರಿದವಳು. ಕಮಿಟಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ನೀನಿನ್ನು ಯುರೋಪಿನವನಲ್ಲ, ಆಫ್ರಿಕಾವೇ ನಿನ್ನ ಮನೆ ಎಂಬಂಥ ಷರತ್ತು ಹಾಕಿತು. ಅವನಿಗೆ ಬೇಕಾಗಿದ್ದೂ ಅದೇ. ಅಕ್ರಾ ಸುತ್ತಿನ ಜನರ ಗಾ ಭಾಷೆಯ ವ್ಯಾಕರಣ ಬರೆದ, ಬೈಬಲನ್ನು ಗಾ ಭಾಷೆಗೆ ತಂದ. 1859ರಲ್ಲಿ ಇಬ್ಬರೂ ಕ್ರೋಬೊ ಜನರ ಓಡುಮಾಸೆ ಎಂಬ ಊರಿಗೆ ಹೋಗಿ ನೆಲೆಸಿದರು. ಓಡುಮಾಸೆಯ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಆ ದೇಶದಲ್ಲಿ ಸಾಲಕ್ಕೆ ಮಕ್ಕಳನ್ನು ಒತ್ತೆ ಇಡುವ ಪದ್ಧತಿ ಇತ್ತು, ನಮ್ಮ ಜೀತದ ಹಾಗೆ. 1860ರ ದಶಕದಲ್ಲಿ ಮಿಷನ್ ತನ್ನ ಸಭೆಯವರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ನಿಯಮ ಮಾಡಿದಾಗ ಸಭೆಯೊಳಗೇ ಪ್ರತಿಭಟನೆ ಎದ್ದಿತು. ಕ್ಯಾಥರಿನಳ ಗಂಡನೇ ಆ ಕಟ್ಟುನಿಟ್ಟನ್ನು ಒಪ್ಪದೆ ವಾದಿಸಿದವರಲ್ಲಿ ಒಬ್ಬ. ಕದ್ದು ತರಲಾದ ಮಗುವಾಗಿದ್ದ ಆಕೆಗೆ ಆಗ ಏನನಿಸಿತೋ!

ಇನ್ನೊಂದು ತಪ್ಪು ಸೂಕ್ಷ್ಮವಾದದ್ದು, ಒಳ್ಳೆಯ ಮನಸ್ಸಿನಿಂದ ಆದದ್ದು. ಕ್ರೈಸ್ತರಾದವರಿಗೆ ಊರಿನ ಪಕ್ಕದಲ್ಲಿ ಬೇರೆ ಕೇರಿ ಕಟ್ಟಿದರು. ಅದಕ್ಕೆ ಸಾಲೆಂ ಎಂದು ಹೆಸರು. ಕಲ್ಲಿನ ಮನೆ, ಸಾಲು ಮರ, ಶಾಲೆ, ಗಂಟೆ. ನಮ್ಮಲ್ಲಿಯ ಮಿಷನ್ ಕಾಂಪೌಂಡ್ ನೋಡಿದವರಿಗೆ ವಿವರಿಸಬೇಕಿಲ್ಲ. ಅಲ್ಲಿ ಮಕ್ಕಳಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಅಕ್ರೊಪಾಂಗಿನ ಅಕಾನ್ ಜನರಲ್ಲಿ ಮಗು ತಾಯಿಯ ಕುಲಕ್ಕೆ ಸೇರಿದ್ದು. ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ ಆಸ್ತಿ ಸೋದರಮಾವನಿಂದ ಅಳಿಯನಿಗೆ. ಅಬುಸುಆ ಎನ್ನುವ ಆ ಕುಲದಲ್ಲಿ ತಾಯಿಯ ಅಕ್ಕತಂಗಿಯರೆಲ್ಲ ತಾಯಂದಿರೇ. ಹೆತ್ತವಳು ಸತ್ತರೂ ಅವ್ವಂದಿರು ಉಳಿಯುತ್ತಾರೆ. ಮಿಷನರಿಗಳಿಗೆ ಮಂಗಳೂರಿನಲ್ಲೂ ಇದು ಅರ್ಥವಾಗಲಿಲ್ಲ, ಅಲ್ಲೂ ಆಗಲಿಲ್ಲ. ಅಪ್ಪ, ಅಮ್ಮ, ಮಕ್ಕಳು ಒಂದು ಸೂರಿನಡಿ ಇದ್ದರೆ ಮಾತ್ರ ಅದು ಸಂಸಾರ ಎಂದು ತಿಳಿದರು. ಮಗುವನ್ನು ಕಾಯಲು ಮೊದಲೇ ಇದ್ದ ದೊಡ್ಡ ಆಸರೆಯೊಂದು ಅವರ ಕಣ್ಣಿಗೆ ಅಡ್ಡಿಯಾಗಿ ಕಂಡಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಇಲ್ಲಿಂದಲೂ ಕಳಿಸಿದರು, ಅಲ್ಲಿಂದಲೂ ಕಳಿಸಿದರು. ಗೋಲ್ಡ್ ಕೋಸ್ಟಿನ ಸಭೆ ಅದರಿಂದ ಕುಸಿಯಲಿಲ್ಲ. 1918ರಲ್ಲಿ ಅದು ತನ್ನದೇ ಸಿನಡ್, ಅಂದರೆ ಸಭೆಯ ಆಡಳಿತದ ಮಹಾಸಭೆ, ಕೂಡಿಸಿತು. ಅದರ ಮೊದಲ ಕಾರ್ಯದರ್ಶಿ ನಿಕೊಲಾಸ್ ತಿಮೊಥಿ ಕ್ಲರ್ಕ್, 1843ರ ಹಡಗಿನಲ್ಲಿ ಬಂದ ಅಲೆಕ್ಸಾಂಡರ್ ಕ್ಲರ್ಕನ ಮಗ. ಅದೇ ಇವತ್ತಿನ ಘಾನಾ ಪ್ರೆಸ್ಬಿಟೀರಿಯನ್ ಸಭೆ.

ಈಗ ಓಡುಮಾಸೆಗೆ ಮರಳೋಣ. 1965ರಲ್ಲಿ ಅದರ ಹತ್ತಿರದ ಅಕೊಸೊಂಬೊದಲ್ಲಿ ವೋಲ್ಟಾ ನದಿಯ ಅಣೆಕಟ್ಟು ಮುಗಿಯಿತು. ನದಿಯನ್ನು ನಂಬಿದ್ದ ಬದುಕು ಬುಡಮೇಲಾಯಿತು. ಮುಳುಗಡೆಯ ಸಂಕಟ ಏನೆಂದು ಬಾಗಲಕೋಟೆ ಕಂಡವರಿಗೆ ನಾನು ಹೇಳಬೇಕೇ? ಕ್ರೋಬೊ ಹೆಂಗಸರು ಅನೇಕರು ಪಕ್ಕದ ಐವರಿ ಕೋಸ್ಟಿಗೆ ದುಡಿಯಲು ಹೋದರು, ಕೆಲವರು ಮೈ ಮಾರಿಕೊಳ್ಳಬೇಕಾಯಿತು. 1980ರ ದಶಕದಲ್ಲಿ ಏಡ್ಸ್ ಹೊತ್ತು ಊರಿಗೆ ಬಂದು ಸತ್ತರು. ಮನೆಮನೆಯಲ್ಲಿ ಮಕ್ಕಳು ಉಳಿದರು.

ಆಗ ಓಡುಮಾಸೆ ಇರುವ ಮಾನ್ಯಾ ಕ್ರೋಬೊ ಸೀಮೆಯ ರಾಣಿತಾಯಂದಿರು, ಅಂದರೆ ಊರೂರಿನ ಹೆಣ್ಣು ಮುಖಂಡರು, ಒಟ್ಟಾಗಿ ಸಂಘ ಕಟ್ಟಿದರು. ಕಟ್ಟಡ ಕಟ್ಟಲಿಲ್ಲ. ತಮ್ಮ ತಮ್ಮ ಮನೆಗೇ ಹಲವು ಮಕ್ಕಳನ್ನು ಕರೆದುಕೊಂಡರು. ಅದೇ ಊರು, ಅದೇ ಹಾದಿ. ಮಗು ತನ್ನ ಭಾಷೆಯಲ್ಲೇ, ತನ್ನ ಜನರ ನಡುವೆಯೇ ಬೆಳೆಯಿತು. ಅಲ್ಲೇ ಅಗೊಮಾನ್ಯಾದಲ್ಲಿ ಸಂತ ಮಾರ್ಟಿನ್ ಡಿ ಪೋರೆಸ್ ಎಂಬ ಕ್ಯಾಥೊಲಿಕ್ ಆಸ್ಪತ್ರೆ ಇದೆ. ಘಾನಾದಲ್ಲಿ ಏಡ್ಸ್ ಔಷಧವನ್ನು ಮೊದಮೊದಲು ಕೊಟ್ಟ ಆಸ್ಪತ್ರೆಗಳಲ್ಲಿ ಅದೂ ಒಂದು.

ಔಷಧದ ಮಾತು ಬಂತು. ವರ್ಷಕ್ಕೆ ಒಬ್ಬ ರೋಗಿಗೆ 10,000 ಡಾಲರಿಗೂ ಮೇಲೆ ಬೀಳುತ್ತಿದ್ದ ಆ ಮಾತ್ರೆಗಳನ್ನು 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂತು. ಆಫ್ರಿಕಾದ ಮಕ್ಕಳಿಗೆ ನಮ್ಮ ದೇಶದಿಂದ ಹೋದ ಸಹಾಯಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಯಾಕೆಂದರೆ ಆ ಮಾತ್ರೆ ತಾಯಿಯನ್ನು ಬದುಕಿಸುತ್ತದೆ. ತಾಯಿ ಬದುಕಿದರೆ ಮಗು ಅನಾಥವಾಗುವುದೇ ಇಲ್ಲ.

ಇನ್ನು ನಿಮ್ಮ ಹರಾಜಿನ ಹಣಕ್ಕೆ ಬರುತ್ತೇನೆ. ಯುನಿಸೆಫ್ ಲೆಕ್ಕದಲ್ಲಿ ಅನಾಥ ಎಂದರೆ ಅಪ್ಪ ಅಮ್ಮರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಸೇರುತ್ತದೆ. ಅನಾಥಾಲಯಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದಾರೆ. ಬಡತನದಿಂದ, ಶಾಲೆಯ ಆಸೆಯಿಂದ ಬಿಟ್ಟುಹೋಗಿರುತ್ತಾರೆ. ಇದನ್ನು ಕಂಡುಕೊಂಡೇ ಘಾನಾ ಸರ್ಕಾರ 2006ರ ಹೊತ್ತಿಗೆ ಮಕ್ಕಳನ್ನು ಇಂಥ ಮನೆಗಳಿಂದ ಬಂಧುಗಳ ಬಳಿಗೆ, ಇಲ್ಲವೇ ಸಾಕುವ ಕುಟುಂಬಗಳಿಗೆ ಸೇರಿಸುವ ಕಾರ್ಯಕ್ರಮ ಶುರುಮಾಡಿತು. ನಾವು ಇಲ್ಲಿಂದ ಒಂದು ಹಾಸಿಗೆಗೆ ಹಣ ಕೊಟ್ಟರೆ ಆ ಹಾಸಿಗೆಯನ್ನು ತುಂಬಲು ಇನ್ನೊಂದು ಮಗುವನ್ನು ಯಾರದೋ ಮಡಿಲಿನಿಂದ ತರುವ ಸಂಭವ ಇದೆ. ಇದನ್ನು ಹೇಳುವಾಗ ನನಗೆ ನೋವಾಗುತ್ತದೆ, ಆದರೆ ಹೇಳದೆ ಇರಲಾರೆ.

ಹಣ ಕಳಿಸಬೇಡಿ ಅನ್ನುತ್ತಿಲ್ಲ. ಮೊದಲು ಕಾಗದ ಬರೆಯಿರಿ. ನಿಮ್ಮಲ್ಲಿರುವ ಮಕ್ಕಳಲ್ಲಿ ಎಷ್ಟು ಜನರಿಗೆ ಅವ್ವ ಇದ್ದಾಳೆ, ಅಜ್ಜಿ ಇದ್ದಾಳೆ, ಎಷ್ಟು ದೂರದಲ್ಲಿದ್ದಾಳೆ, ವರ್ಷಕ್ಕೆ ಎಷ್ಟು ಸಲ ನೋಡಲು ಬರುತ್ತಾಳೆ ಎಂದು ಕೇಳಿ. ಆ ಅಜ್ಜಿಗೆ ಒಂದು ಹೊಲಿಗೆ ಯಂತ್ರವೋ ನಾಲ್ಕು ಆಡೋ ಕೊಡಿಸಿ ಮಗುವಿನ ಶಾಲೆಯ ಖರ್ಚನ್ನು ಅಲ್ಲಿಯ ಸಭೆಯ ಮೂಲಕ ಕೊಟ್ಟರೆ ಮಗು ಮನೆಗೆ ಹೋಗಬಹುದೇ ಎಂದು ಕೇಳಿ. ಒಳ್ಳೆಯ ಸಂಸ್ಥೆಯಾದರೆ ಸಂತೋಷದಿಂದ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಅದೇ ಉತ್ತರ.

1985ರಲ್ಲಿ ಅಪ್ಪ ಆ ಹಣ ಕಳಿಸಿದರು. ಅಜ್ಜಿ ಬೇಡ ಅನ್ನಲಿಲ್ಲ. ಮನಿಯಾರ್ಡರ್ ಫಾರಂ ತುಂಬುವಾಗ ಪಕ್ಕದಲ್ಲಿ ಕೂತು, ಸಂದೇಶ ಬರೆಯುವ ಆ ಸಣ್ಣ ಜಾಗದಲ್ಲಿ ಒಂದು ಸಾಲು ಬರೆಸಿದರು: ಹುಡುಗನ ತಾಯಿ ಸಿಕ್ಕರೆ ದಯವಿಟ್ಟು ತಿಳಿಸಿ, ಆಕೆಗೂ ಕಳಿಸುತ್ತೇವೆ.