ಬಿಸಿನೀರಿನ ಬುಗ್ಗೆಗಳನ್ನು ಹುಡುಕಿಕೊಂಡು

ಕೇಳುಗರೆಲ್ಲರಿಗೂ ನಮಸ್ಕಾರ.

ನೆಲದಾಳಕ್ಕೆ ಇಳಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಮಳೆಯ ನೀರು ಬಂಡೆಗಳ ಬಿರುಕುಗಳಲ್ಲಿ ಬಹು ಆಳಕ್ಕೆ ಇಂಗಿ, ಅಲ್ಲಿ ಕಾದು, ಮತ್ತೊಂದು ಬಿರುಕಿನ ದಾರಿ ಹಿಡಿದು ಮೇಲೆದ್ದು ಬಂದರೆ ಅದೇ ಬಿಸಿನೀರಿನ ಬುಗ್ಗೆ. ಹೀಗಾಗಿ ಇದಕ್ಕೆ ಜ್ವಾಲಾಮುಖಿಯೇ ಬೇಕೆಂದಿಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ಆಸುಪಾಸಿನಲ್ಲಿ ಅಂಥದ್ದೇನೂ ಇಲ್ಲದಿದ್ದರೂ, ರೋಮನ್ನರು ಸ್ನಾನಗೃಹ ಕಟ್ಟಿಕೊಂಡಿದ್ದ ಅಲ್ಲಿನ ಬುಗ್ಗೆಯಲ್ಲಿ ಇಂದಿಗೂ ಸುಮಾರು 46 ಡಿಗ್ರಿಯ ನೀರು ಉಕ್ಕುತ್ತಿದೆ. ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದಲ್ಲಿಯೂ ನೆಲದೊಳಗಿನ ಶಾಖದಿಂದಲೇ ನೀರು ಬೆಚ್ಚಗಾಗುತ್ತದೆ.

ಬಿಸಿನೀರಿನಲ್ಲಿ ಮೈ ಅದ್ದುವುದಷ್ಟೇ ಉದ್ದೇಶವಾದರೆ ದೂರದ ಪ್ರಯಾಣವೇಕೆ, ಮನೆಯ ಹಂಡೆಯೇ ಸಾಕು. ಆ ನೀರು ಜನರ ನಿತ್ಯದ ಬದುಕಿನಲ್ಲಿ ಬೆರೆತಿರುವ ಊರನ್ನು ನೋಡಬೇಕೆನ್ನುವವರು ಮೊದಲು ಹಿಮಾಚಲ ಪ್ರದೇಶದ ಮಣಿಕರಣ್‌ಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಕುಲ್ಲು ಜಿಲ್ಲೆಯಲ್ಲಿ, ಕಸೋಲ್ ದಾಟಿದ ಮೇಲೆ ಸಿಗುವ ಈ ಊರಿನಲ್ಲಿ ಒಂದು ಕಡೆ ಕೈ ಮರಗಟ್ಟಿಸುವಷ್ಟು ತಣ್ಣನೆಯ ಪಾರ್ವತಿ ನದಿ ಭೋರ್ಗರೆಯುತ್ತಿದ್ದರೆ, ಅದರ ದಡದಲ್ಲೇ ಕುದಿಯುವ ನೀರು ಹಬೆಯಾಡುತ್ತಿರುತ್ತದೆ. ಪಾರ್ವತಿಯ ಮಣಿ ನೀರಿನಲ್ಲಿ ಕಳೆದುಹೋಗಿ, ಕೊನೆಗೆ ಶೇಷನ ಬುಸುಗುಟ್ಟುವಿಕೆಯಿಂದ ಮೇಲೆ ಬಂದಿತೆಂಬುದು ಸ್ಥಳಪುರಾಣ. ಯಾತ್ರಿಕರು ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ದಾರದ ತುದಿ ಹಿಡಿದು ಕುಂಡಕ್ಕೆ ಇಳಿಬಿಡುತ್ತಾರೆ. ಮೇಲೆತ್ತುವಾಗ ಗಂಟು ಉಬ್ಬಿ, ಒಳಗೆ ಅನ್ನ ಬೆಂದಿರುತ್ತದೆ. ಗುರುದ್ವಾರದಲ್ಲಿ ಎಲ್ಲರಿಗೂ ಉಚಿತವಾಗಿ ಬಡಿಸುವ ‘ಲಂಗರ್’ ಊಟದ ಅಡುಗೆಗೂ ಈ ಶಾಖವೇ ಒದಗುತ್ತದೆ. ಸ್ನಾನದ ಕೊಳಗಳಲ್ಲಿ ಮಾತ್ರ ತಣ್ಣೀರು ಬೆರೆಸಿ ಹದ ಮಾಡಿರುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ದಾರಿ ಇದಾದ್ದರಿಂದ ಮೇ ತಿಂಗಳೋ ಅಕ್ಟೋಬರೋ ಒಳ್ಳೆಯದು.

ಜಪಾನಿನ ಕ್ಯೂಶು ದ್ವೀಪದ ಬೆಪ್ಪು ನಗರದಲ್ಲಿ 2,000ಕ್ಕೂ ಹೆಚ್ಚು ಬುಗ್ಗೆಗಳಿವೆ. ಅಲ್ಲಿನ ಕನ್ನಾವಾ ಬಡಾವಣೆಯಲ್ಲಿ ತರಕಾರಿ, ಮೊಟ್ಟೆ, ಮೀನುಗಳನ್ನು ನೆಲದಿಂದ ಬರುವ ಹಬೆಯಲ್ಲೇ ಬೇಯಿಸುತ್ತಾರೆ. ಸಾರ್ವಜನಿಕ ಸ್ನಾನಗೃಹಗಳ ಶಿಸ್ತು ಬಲು ಕಟ್ಟುನಿಟ್ಟು: ಪುಟ್ಟ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ ಮೈ ತೊಳೆದುಕೊಂಡ ಮೇಲಷ್ಟೇ ಕೊಳಕ್ಕೆ ಇಳಿಯಬೇಕು. ಬಟ್ಟೆ ತೊಡುವಂತಿಲ್ಲ, ಕೈಯಲ್ಲಿರುವ ಚಿಕ್ಕ ಟವೆಲ್ಲನ್ನೂ ನೀರಿಗೆ ತಾಕಿಸದೆ ತಲೆಯ ಮೇಲಿಟ್ಟುಕೊಳ್ಳುವುದು ವಾಡಿಕೆ. ನಮ್ಮವರಿಗೆ ಮೊದಲ ಸಲ ಸಂಕೋಚವಾಗುವುದು ಸಹಜ, ಆದರೆ ಅಲ್ಲಿ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ.

ಟರ್ಕಿಯ ಪಮುಕ್ಕಲೆ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಹೆಪ್ಪುಗಟ್ಟಿ ಬೆಟ್ಟದ ಇಳಿಜಾರಿನಲ್ಲಿ ಬಿಳಿಯ ಮೆಟ್ಟಿಲುಗಳೇ ಮೂಡಿವೆ. ಹಿಂದೆ ನೆತ್ತಿಯ ಮೇಲಿದ್ದ ಹೋಟೆಲುಗಳು ನೀರನ್ನು ತಮ್ಮತ್ತ ತಿರುಗಿಸಿಕೊಂಡು ಆ ಬಿಳುಪನ್ನು ಕೆಡಿಸಿದ್ದವು; ಅವನ್ನು ಕೆಡವಿಸಿದ ಮೇಲೆ, ಈಗ ಪ್ರವಾಸಿಗರು ಚಪ್ಪಲಿ ಕಳಚಿಯೇ ನಡೆಯಬೇಕು. ಐಸ್‌ಲ್ಯಾಂಡಿನ ಬ್ಲೂ ಲಗೂನ್ ಎಷ್ಟೇ ಹೆಸರುವಾಸಿಯಾದರೂ ಅದು ಸಹಜ ಬುಗ್ಗೆಯಲ್ಲ, ಭೂಶಾಖದ ವಿದ್ಯುತ್ ಸ್ಥಾವರ ಹೊರಬಿಟ್ಟ ನೀರಿನಿಂದಾದ ಕೊಳ.

ಕೈಯನ್ನೂ ಅದ್ದಬಾರದ ಬುಗ್ಗೆಯೊಂದಕ್ಕಾಗಿಯೂ ದೂರ ಹೋಗಬಹುದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿರುವ, ಸುಮಾರು 110 ಮೀಟರ್ ಅಗಲದ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆ ನಡುವೆ ಕಡುನೀಲಿಯಾಗಿದ್ದು, ಅಂಚಿನತ್ತ ನೀರು ಆರುತ್ತಾ ಬಂದಂತೆ ಹಳದಿ, ಕಿತ್ತಳೆ, ಕಂದು ಬಣ್ಣಗಳನ್ನು ತಾಳುತ್ತದೆ. ಅವು ಶಾಖಪ್ರಿಯ ಸೂಕ್ಷ್ಮಜೀವಿಗಳ ಬಣ್ಣಗಳು. ಮರದ ಹಲಗೆಯ ದಾರಿ ಬಿಟ್ಟು ಇಳಿದು, ಅಲ್ಲಿನ ಕುದಿನೀರಿಗೆ ಬಿದ್ದು ಜೀವ ಕಳೆದುಕೊಂಡವರಿದ್ದಾರೆ. ಇದೇ ಉದ್ಯಾನದ ಬಿಸಿನೀರಿನಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಕಂಡುಕೊಂಡ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಿಂದ, ಶಾಖಕ್ಕೆ ಕೆಡದ ಕಿಣ್ವವೊಂದು ದೊರೆಯಿತು. ಕೊರೊನಾ ಕಾಲದಲ್ಲಿ ನಾವೆಲ್ಲ ಮೂಗೊಡ್ಡಿ ಮಾಡಿಸಿಕೊಂಡ ಪಿಸಿಆರ್ ಪರೀಕ್ಷೆ ಬೆಳೆದು ಬಂದದ್ದು ಆ ಕಿಣ್ವದ ಬಲದಿಂದ.