ಕತ್ತರಿಗಿಂತ ಮೊದಲು ಬಾಚಣಿಗೆ

ಕೇಳುಗರಿಗೆಲ್ಲ ನಮಸ್ಕಾರ. ಕೋಲಾರದಲ್ಲಿ ನಾನು ಕ್ಷೌರದ ಅಂಗಡಿ ಇಟ್ಟು 32 ವರ್ಷವಾಯಿತು. ಗಡ್ಡದ ಆರೈಕೆಯ ಬಗ್ಗೆ ಮಾತನಾಡಿ ಎಂದು ಕರೆದಿದ್ದಾರೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು, ಮೊದಲೇ ಹೇಳಿಬಿಡುತ್ತೇನೆ: ಗಡ್ಡಕ್ಕೆ ಕತ್ತರಿ ಹಾಕುವ ಮೊದಲು ಬಾಚಣಿಗೆ ಹಾಕಿ.

ಡೇರಿಗೆ ಹಾಲು ಹಾಕಿ ಬಂದು ರೇಡಿಯೊ ಹಚ್ಚಿದವರು, ರೇಷ್ಮೆ ಹುಳುವಿಗೆ ಸೊಪ್ಪು ಕೊಡುತ್ತಲೇ ಕೇಳುತ್ತಿರುವವರು, ನಿಮ್ಮಲ್ಲಿ ಎಷ್ಟೋ ಜನ ಗಡ್ಡ ಬಿಟ್ಟಿದ್ದೀರಿ. ಕೆಲವರು ಚೆಂದಕ್ಕೆ, ಕೆಲವರು ಅಯ್ಯಪ್ಪನ ಮಾಲೆ ಹಾಕಿ, ಕೆಲವರು ಮನೆಯಾಕೆ ಬಸುರಿ ಎಂದು. ಗಡ್ಡ ದಿನಕ್ಕೆ ಸುಮಾರು ಮೂರನೇ ಒಂದು ಮಿಲಿಮೀಟರ್ ಬೆಳೆಯುತ್ತದೆ. 41 ದಿನದ ವ್ರತ ಮುಗಿಯುವ ಹೊತ್ತಿಗೆ ಒಂದೂವರೆ ಸೆಂಟಿಮೀಟರ್ ಹತ್ತಿರ ಬಂದಿರುತ್ತದೆ. ಸಿಕ್ಕು ಶುರುವಾಗುವುದು ಅಲ್ಲಿಂದಲೇ. ಗಡ್ಡದ ಕೂದಲು ತಲೆಗೂದಲಿಗಿಂತ ದಪ್ಪ, ಒರಟು, ಸುರುಳಿ. ಒಂದನ್ನೊಂದು ಹೆಣೆದುಕೊಳ್ಳುತ್ತದೆ. ತಲೆಯನ್ನು ದಿನಕ್ಕೆ ಎರಡು ಸಲ ಬಾಚುವವರು ಗಡ್ಡಕ್ಕೆ ವಾರಕ್ಕೊಮ್ಮೆಯೂ ಬಾಚಣಿಗೆ ಮುಟ್ಟಿಸುವುದಿಲ್ಲ. ಎರಡೂ ನಿಮ್ಮದೇ ಕೂದಲಲ್ಲವೇ?

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಇಳಿಸುವ ಕೆಲಸ. ಹೆಂಡತಿಗೆ ಐದು ತಿಂಗಳು ತುಂಬಿದಾಗಿನಿಂದ ಗಡ್ಡ ತೆಗೆಸಿರಲಿಲ್ಲ. ಹೆಣ್ಣುಮಗು ಹುಟ್ಟಿತ್ತು, ಮರುದಿನ ನಾಮಕರಣ. ಕುರ್ಚಿಯಲ್ಲಿ ಕುಳಿತವನೇ, "ಪೂರ್ತಿ ಬೋಳಿಸಿಬಿಡಿ ಅಣ್ಣ" ಎಂದ.

"ಯಾಕಪ್ಪ, ಇಷ್ಟು ದಿನ ಬೆಳೆಸಿದ್ದೀಯ, ಒಂದು ರೂಪ ಕೊಡೋಣ" ಎಂದೆ.

"ಎಡಗಡೆ ಬೆಳೆದೇ ಇಲ್ಲ. ಮೊನ್ನೆ ಒಂದು ಕಡೆ ಸಮ ಮಾಡಿಸಲು ಹೋದೆ, ಇನ್ನೂ ಕೆಟ್ಟಿತು" ಎಂದ.

ಕನ್ನಡಿಯಲ್ಲಿ ನೋಡಿದರೆ ಅವನ ಮಾತು ನಿಜ. ಬಲಗಡೆ ಪೊದೆ, ಎಡಗಡೆ ಬಯಲು. ನಾನು ಎಡಗೆನ್ನೆಗೆ ಬೆರಳು ಹಾಕಿದೆ. ಕೂದಲು ಧಾರಾಳವಾಗಿತ್ತು! ಅದು ಅವನು ಮಲಗುವ ಮಗ್ಗುಲು. ಬೆವರು, ಮಂಡಿಯ ಧೂಳು ಸೇರಿ ಕೂದಲು ಮಡಚಿಕೊಂಡು, ತೆಂಗಿನ ನಾರಿನ ಉಂಡೆಯ ಹಾಗೆ ದವಡೆಯ ಕೆಳಗೆ ಗಂಟು ಕಟ್ಟಿತ್ತು. ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬುಡದವರೆಗೆ ಹಚ್ಚಿದೆ. ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡೆ. ಬುಡದಿಂದ ಎಳೆಯಲಿಲ್ಲ, ಬುಡದಿಂದ ಎಳೆದರೆ ಇರುವ ಗಂಟೆಲ್ಲ ಕೆಳಗೆ ಸೇರಿ ಕಲ್ಲಾಗುತ್ತದೆ. ತುದಿಯ ಅರ್ಧ ಬೆರಳಷ್ಟನ್ನು ಬಿಡಿಸಿದೆ. ಆಮೇಲೆ ಅದರ ಮೇಲಿನ ಅರ್ಧ ಬೆರಳು. ಬುಡವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದರಿಂದ ಅವನಿಗೆ ನೋವಾಗಲಿಲ್ಲ. ಒಣಗಿದ ಟೊಮೆಟೊ ಎಲೆಯ ಚೂರು ಒಂದು, ಸಣ್ಣ ದಾರದ ಎಳೆ ಒಂದು ಬಾಚಣಿಗೆಯ ಹಲ್ಲಿಗೆ ಸಿಕ್ಕಿ ಬಂದವು. ನಲವತ್ತು ನಿಮಿಷ ಹಿಡಿಯಿತು. ಬೆಂಚಿನ ಮೇಲೆ ಕಾಯುತ್ತಿದ್ದ ಮೂವರಲ್ಲಿ ಒಬ್ಬರು ಬೇಸರದಿಂದ ಎದ್ದು ಹೋದರು, ಹೋಗಲಿ ಎಂದುಕೊಂಡೆ.

ಎಲ್ಲ ಬಿಡಿಸಿ ಕೆಳಮುಖವಾಗಿ ಬಾಚಿದಾಗ ಎಡಗಡೆಯೂ ಬಲಗಡೆಯೂ ಒಂದೇ ಉದ್ದ. ಒಂದೇ ತೊಂದರೆ ಎಂದರೆ ಮೊನ್ನೆ ಯಾರೋ ಬಾಚದೆ ಗಂಟಿನ ಮೇಲೆಯೇ ಕತ್ತರಿ ಆಡಿಸಿದ್ದರು. ಗಂಟು ಬಿಚ್ಚಿದ ಮೇಲೆ ಅಲ್ಲಿ ಇಲಿ ಕಡಿದ ಹಾಗೆ ಎರಡು ಕಚ್ಚು ಕಂಡವು. ಆ ಕಚ್ಚಿನ ಮಟ್ಟಕ್ಕೆ ಉಳಿದದ್ದನ್ನು ಇಳಿಸಿದೆ, ಅಷ್ಟೇ. ಹುಡುಗ ಎಡಗೆನ್ನೆಯನ್ನು ಸವರಿಕೊಳ್ಳುತ್ತಾ ಕುಳಿತೇ ಇದ್ದ. ಆ ಮಗು ಈಗ ಶಾಲೆಗೆ ಹೋಗುತ್ತಾಳೆ. ಅವನ ಗಡ್ಡ ಇವತ್ತಿಗೂ ಇದೆ, ಅಂಗಿಯ ಜೇಬಿನಲ್ಲಿ ಬಾಚಣಿಗೆಯೂ ಇದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಾಚಣಿಗೆ ಬೇವಿನ ಮರದ್ದಿರಲಿ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದು ನೋಡಿ, ಅಚ್ಚಿನ ಏಣು ತಗಲುತ್ತದೆ. ಅದು ಕೂದಲನ್ನು ಹೆರೆಯುತ್ತದೆ. ಚಳಿಗಾಲದ ಒಣಹವೆಯಲ್ಲಿ ಪ್ಲಾಸ್ಟಿಕ್ ತಿಕ್ಕಿದರೆ ಕೂದಲು ಎದ್ದು ನಿಲ್ಲುತ್ತದೆ, ಮರಕ್ಕೆ ಆ ಕಾಟವಿಲ್ಲ.

ಸ್ನಾನ ಮಾಡಿದ ತಕ್ಷಣ ಬಾಚಬೇಡಿ. ನೆನೆದ ಕೂದಲು ಜಗ್ಗಿ ತುಂಡಾಗುತ್ತದೆ. ಒದ್ದೆಯಲ್ಲಿ ಕತ್ತರಿಸಲೂ ಬೇಡಿ, ಒಣಗಿದ ಮೇಲೆ ಸುರುಳಿ ಮೇಲೇರಿ ನೀವು ಅಂದುಕೊಂಡದ್ದಕ್ಕಿಂತ ಗಿಡ್ಡವಾಗುತ್ತದೆ. ನೀರಿನ ಮಾತೂ ಇದೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡುಸು ನೀರು. ಸೋಪು ನೊರೆಯಾಗುವುದಿಲ್ಲ, ಸುಣ್ಣದ ಪುಡಿಯ ಹಾಗೆ ಗಡ್ಡದಲ್ಲಿ ಕೂರುತ್ತದೆ. ಕೊನೆಯ ಒಂದು ಚೊಂಬು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನದ್ದಾಗಿರಲಿ. ಒಂದು ಚೊಂಬಿಗೆ ಲೆಕ್ಕ ನೋಡಬೇಡಿ.

ರೂಪ ಕೊಡುವಾಗ ಎಲ್ಲರೂ ಮಾಡುವ ತಪ್ಪು ಕತ್ತಿನದು. ದವಡೆಯ ಅಂಚಿಗೇ ಗೆರೆ ಎಳೆದುಬಿಡುತ್ತಾರೆ, ಮುಖ ಉಬ್ಬಿದಂತೆ ಕಾಣುತ್ತದೆ. ಗಂಟಲಿನ ಉಬ್ಬಿಗಿಂತ ಮೇಲಕ್ಕೆ ಎರಡು ಬೆರಳು ಅಡ್ಡ ಇಡಿ, ಗೆರೆ ಅಲ್ಲಿ. ಅದರ ಕೆಳಗಿನದು ಮಾತ್ರ ತೆಗೆಯಿರಿ. ದುಂಡು ಮುಖದವರು ಗಲ್ಲದ ಕೆಳಗೆ ಸ್ವಲ್ಪ ಉದ್ದ ಬಿಡಿ, ಉದ್ದ ಮುಖದವರು ಪಕ್ಕದಲ್ಲಿ ತುಂಬಿಕೊಳ್ಳಲಿ. ಟ್ರಿಮ್ಮರ್ ಇರಲಿ, ಕತ್ತರಿ ಇರಲಿ, ಮೊದಲು ಬಾಚಿ, ಆಮೇಲೆ ಅದು.

ಗಡಿಯಾರ ತೋರಿಸುತ್ತಿದ್ದಾರೆ. ಬಾಚಣಿಗೆ ತೊಳೆಯುವುದೊಂದು ಉಳಿಯಿತು. ಮರದ ಬಾಚಣಿಗೆಯನ್ನು ನೀರಿನಲ್ಲಿ ನೆನೆಸಿಡಬೇಡಿ, ಹಲ್ಲು ಸೀಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ನೆರಳಿನಲ್ಲಿ ಇಡಿ. ನಮಸ್ಕಾರ.