ಎರಡು ಲಾರಿ ಸಾಮಾನು

ಕೇಳುಗರೇ, ನಮಸ್ಕಾರ.

ಮೊನ್ನೆ ಬೆಂಗಳೂರಿನಿಂದ ಮಗಳು ಫೋನ್ ಮಾಡಿದ್ದಳು. ಅವಳ ಆಫೀಸಿನಲ್ಲಿ ಏನೋ ತರಬೇತಿ ಇತ್ತಂತೆ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಬದುಕಿನಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಐದು ಸಂಗತಿ ಬರೆಯಿರಿ ಅಂದರಂತೆ. ಬರೆದಾದ ಮೇಲೆ ಒಂದನ್ನು ಹೊಡೆದು ಹಾಕಿ ಅಂದರಂತೆ. ಆಮೇಲೆ ಇನ್ನೊಂದು. ಕೊನೆಗೆ ಯಾವುದು ಉಳಿಯುತ್ತದೋ ಅದೇ ನಿಮಗೆ ಮುಖ್ಯ ಅಂತ ಲೆಕ್ಕ. ಮೂರನೆಯದಕ್ಕೆ ಬರುವಷ್ಟರಲ್ಲಿ ಇಬ್ಬರು ಅತ್ತೇಬಿಟ್ಟರಂತೆ.

"ಅಪ್ಪ, ನೀನಾಗಿದ್ರೆ ಏನು ಬರೀತಿದ್ದೆ?" ಅಂತ ಕೇಳಿದಳು.

ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ. ಈ ಆಟ ನಮ್ಮ ಮನೆಯಲ್ಲಿ ಒಂದು ಸಲ ನಿಜವಾಗಿ ನಡೆದಿದೆ. ಚೀಟಿ ಇರಲಿಲ್ಲ. ಎರಡು ಲಾರಿ ಇದ್ದವು.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹೊಳೆಯ ದಂಡೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದು ಪೂರ್ತಿ ತುಂಬಿದರೆ ನೀರು ನಿಲ್ಲುವುದು ಸಮುದ್ರಮಟ್ಟದಿಂದ 1819 ಅಡಿಗೆ. ನಮ್ಮ ಕಡೆಯ ಹಳಬರು ತಮ್ಮ ಹುಟ್ಟಿದ ದಿನ ಮರೆತಾರು, ಈ ಅಂಕಿ ಮರೆಯುವುದಿಲ್ಲ. ಇವತ್ತಿಗೂ ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ನೋಡುವುದು ನೀರು ಎಷ್ಟು ಅಡಿಗೆ ಬಂತು ಅಂತ. ನಮ್ಮ ಮನೆ, ತೋಟ, ಗದ್ದೆ ಎಲ್ಲವೂ ಆ ಗೆರೆಯ ಕೆಳಗಿದ್ದವು. ಬರೀ ನಮ್ಮದಲ್ಲ. ಅದೇ ಹೊಳೆಗೆ ಮಡೆನೂರಿನಲ್ಲಿ ಮೊದಲೇ ಒಂದು ಅಣೆಕಟ್ಟು ಇತ್ತು, ಹಿರೇಭಾಸ್ಕರ ಅಂತ. ಹೊಸ ಅಣೆಕಟ್ಟಿನ ನೀರು ಹಳೇ ಅಣೆಕಟ್ಟನ್ನೇ ನುಂಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಈಗಲೂ ಎದ್ದು ಕಾಣುತ್ತದೆ. ಜನ ನೋಡಲು ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ.

ಆಗ ನನಗೆ ಆರು ವರ್ಷ. ಲಾರಿ ಬಂದದ್ದು ಚೆನ್ನಾಗಿ ನೆನಪಿದೆ, ಯಾಕಂದರೆ ಅಷ್ಟು ಹತ್ತಿರದಿಂದ ಲಾರಿ ನೋಡಿದ್ದು ಅದೇ ಮೊದಲು. ಮಕ್ಕಳಿಗೆಲ್ಲ ಜಾತ್ರೆ. ದೊಡ್ಡವರು ಮಾತಾಡುತ್ತಿರಲಿಲ್ಲ. ಎರಡು ಲಾರಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು, ಉಳಿದದ್ದು ನೀರಿಗೆ.

ಅಜ್ಜ ಮೊದಲು ಹೊರಿಸಿದ್ದು ಬಾಗಿಲುವಾಡ. ಹಲಸಿನ ಮರದ್ದು, ಅವನ ಅಜ್ಜನ ಕಾಲದ್ದು. ನಾಲ್ಕು ಆಳು ಹಿಡಿದು ಎತ್ತಿದರು. ಆಮೇಲೆ ಹೆಂಚು, ಕಂಬ, ಬಚ್ಚಲಿನ ತಾಮ್ರದ ಹಂಡೆ, ದೇವರ ಪೆಟ್ಟಿಗೆ, ಅಕ್ಕಿ ಮೂಟೆ. ಒಂದು ಟ್ರಂಕಿನಲ್ಲಿ ಜಮೀನಿನ ಕಾಗದಪತ್ರ. ಮುಳುಗಿ ಹೋಗುವ ತೋಟದ ಪಹಣಿಯನ್ನು ಅಜ್ಜ ಬಟ್ಟೆಯಲ್ಲಿ ಸುತ್ತಿ ತಂದ. ಸಾಯುವವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದ. ಒರಳುಕಲ್ಲು ಭಾರ ಅಂತ ಬಿಟ್ಟರು. ಬೆಕ್ಕು ಲಾರಿ ಸದ್ದಿಗೆ ಹೆದರಿ ಅಟ್ಟ ಹತ್ತಿತು, ಎಷ್ಟು ಕರೆದರೂ ಇಳಿಯಲಿಲ್ಲ. ನನ್ನ ಅಕ್ಕ ದಾರಿಯುದ್ದಕ್ಕೂ ಅತ್ತಳು.

ಅಜ್ಜಿ ತನಗೆ ಅಂತ ತಂದದ್ದು ಒಂದೇ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಒಂದೆರಡು ಮಾತು. ಅಪ್ಪೆಮಿಡಿ ಅಂದರೆ ಸುಮ್ನೆ ಮಾವಿನ ಮಿಡಿ ಅಲ್ಲ. ಹೊಳೆ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಒಂದು ಜೀರಿಗೆಯ ಹಾಗೆ, ಇನ್ನೊಂದು ಕರ್ಪೂರದ ಹಾಗೆ. ಆ ಮರದ ಗೊರಟು ನೆಟ್ಟರೆ ಅದೇ ಪರಿಮಳ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ಮರ ಹೋಯಿತು ಅಂದರೆ ಆ ರುಚಿಯೂ ಹೋದ ಹಾಗೆ. ಕಸಿ ಕಟ್ಟುವುದೆಲ್ಲ ಆಗ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶರಾವತಿ ದಂಡೆಯ ಅಂಥ ಎಷ್ಟು ಮರಗಳು ನೀರಿನಡಿ ಹೋದವೋ, ಲೆಕ್ಕ ಇಟ್ಟವರಿಲ್ಲ. ಅಡಿಕೆ ಮರಕ್ಕೆ ಲೆಕ್ಕ ಇತ್ತು, ಪರಿಹಾರ ಇತ್ತು. ಮಿಡಿ ಮರಕ್ಕೆ ಯಾರು ಬೆಲೆ ಕಟ್ಟುತ್ತಾರೆ?

ನಮ್ಮನ್ನು ಇಳಿಸಿದ್ದು ಶಿವಮೊಗ್ಗದ ಕಡೆಯ ಒಂದು ಬಯಲಿನಲ್ಲಿ. ಮೊದಲು ಹುಲ್ಲಿನ ಗುಡಿಸಲು. ಆ ಗುಡಿಸಲಿಗೆ ಹಲಸಿನ ಬಾಗಿಲುವಾಡ ಎಲ್ಲಿ ಕೂಡಿಸುವುದು? ಎರಡು ವರ್ಷ ಅದನ್ನು ಅಂಗಳದಲ್ಲಿ ಒಂದು ಮರಕ್ಕೆ ಆನಿಸಿ ನಿಲ್ಲಿಸಿದ್ದರು. ಸುತ್ತ ಗೋಡೆ ಇಲ್ಲ, ಹಿಂದೆ ಮನೆ ಇಲ್ಲ. ಬರೀ ಬಾಗಿಲು. ಹಬ್ಬ ಬಂದರೆ ಅಜ್ಜಿ ಅದರ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಇಡುತ್ತಿದ್ದಳು. ನಾವು ಮಕ್ಕಳು ಅದರೊಳಗೆ ನುಗ್ಗಿ ಆಚೆ ಬಂದು ಮತ್ತೆ ನುಗ್ಗುತ್ತಿದ್ದೆವು. ಹೊಸ್ತಿಲು ತುಳಿದರೆ ಬೈಗುಳ ಮಾತ್ರ ಮೊದಲಿನ ಹಾಗೇ.

ಭರಣಿ ಎಷ್ಟು ದಿನ ಬಂದೀತು? ಅಜ್ಜಿ ಹಬ್ಬಕ್ಕೊಂದು, ನೆಂಟರಿಗೊಂದು ಅಂತ ಎಣಿಸಿ ಕೊಟ್ಟಳು. ಮೂರನೇ ವರ್ಷ ಬರೀ ರಸ ಉಳಿಯಿತು. ಅಲ್ಲಿಂದ ಅವಳ ಹುಡುಕಾಟ ಶುರು. ಯಾರ ಮನೆಗೆ ಹೋದರೂ ಮಿಡಿ ಮರ ಉಂಟಾ ಅಂತ ಕೇಳುವುದು. ಮಿಡಿಯ ತೊಟ್ಟು ಮುರಿದು ಸೊನೆ ಮೂಸುವುದು, ಕಚ್ಚುವುದು, ಉಗಿಯುವುದು. "ಇದಲ್ಲ." ಸಾಗರದ ಸಂತೆಯಿಂದ ತರಿಸಿದೆವು, ರಿಪ್ಪನ್‌ಪೇಟೆಯಿಂದ ತರಿಸಿದೆವು. "ಇದಲ್ಲ ಮಾರಾಯ." ಒಳ್ಳೆಯ ಮಿಡಿಯೇ ಅವು, ನಾನು ತಿಂದಿದ್ದೇನೆ. ಅವಳಿಗೆ ಮಾತ್ರ ಹಿಡಿಸಲಿಲ್ಲ. ಹೀಗೆ ಹದಿನೈದು ವರ್ಷದ ಮೇಲಾಯಿತು. ಮನೆಯಲ್ಲಿ ಅದೊಂದು ತಮಾಷೆಯ ಮಾತಾಗಿತ್ತು.

ನನಗೆ ಕೆಲಸ ಸಿಕ್ಕ ಮೇಲೆ, ಒಂದು ಬೇಸಿಗೆ, ಅಜ್ಜಿಯನ್ನು ಹಿನ್ನೀರಿಗೆ ಕರೆದುಕೊಂಡು ಹೋದೆ. ಆ ವರ್ಷ ನೀರು ಜಾಸ್ತಿ ಇಳಿದಿತ್ತು. ನೋಡಿದವರಿಗೆ ಗೊತ್ತು, ಅಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿರುತ್ತದೆ, ಸತ್ತ ಮರಗಳ ಬೊಡ್ಡೆ ಕಪ್ಪಗೆ ನಿಂತಿರುತ್ತವೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟಳು. ಮನೆಯ ತಳಪಾಯದ ಕಲ್ಲು ಸಿಕ್ಕಿತು. ಒರಳು ಅಲ್ಲೇ ಇತ್ತು, ಬಾಯಿ ತುಂಬ ಕೆಸರು. ಹೊಳೆಯ ಕಡೆ ಹೋಗಿ ಒಂದು ಬೊಡ್ಡೆ ಮುಟ್ಟಿ, "ಇದೇ" ಅಂದಳು. ನಾನು ಅಳುತ್ತಾಳೇನೋ ಅಂದುಕೊಂಡೆ. ಇಲ್ಲ. ಸ್ವಲ್ಪ ಹೊತ್ತು ನಿಂತು, ತಿರುಗಿ ಕೇಳಿದಳು:

"ಕೆಳಗಿನಮನೆಯವಳು ಈಗ ಎಲ್ಲಿದ್ದಾಳೆ?"

ಮರದ ಆಚೆಗೆ ಇದ್ದದ್ದು ಕೆಳಗಿನಮನೆ. ಆ ಮರದ ಮಿಡಿ ಎರಡೂ ಮನೆಯವರು ಹಂಚಿಕೊಳ್ಳುತ್ತಿದ್ದದ್ದು. ಅವರು ನಮ್ಮ ಹಾಗೆ ದೂರ ಹೋಗದೆ ತುಮರಿ ಕಡೆ ಗುಡ್ಡ ಹತ್ತಿ ಉಳಿದವರು. ನೀರು ಮೂರು ಕಡೆ ಸುತ್ತಿ ಆ ಊರುಗಳೆಲ್ಲ ದ್ವೀಪದ ಹಾಗಾಗಿದ್ದವು. ವಿಚಾರಿಸಿಕೊಂಡು, ಹೊಳೆಬಾಗಿಲಿಗೆ ಬಂದು, ಲಾಂಚ್ ಹತ್ತಿ ದಾಟಿದೆವು. ಮನೆ ಸಿಗುವಾಗ ಮಧ್ಯಾಹ್ನ ಕಳೆದಿತ್ತು.

ಹದಿನೆಂಟು ವರ್ಷದ ಮೇಲೆ ಇಬ್ಬರು ಮುದುಕಿಯರ ಭೇಟಿ. ನಾನು ಒಳಗೊಳಗೇ ಸಿದ್ಧನಾಗಿದ್ದೆ. ಅಜ್ಜಿ ಜಗಲಿಯ ಮೇಲೆ ಕೂತವಳು ನೀರು ಕುಡಿದು ಹೇಳಿದ ಮೊದಲ ಮಾತು: "ನನ್ನ ಚೊಂಬು ಎಲ್ಲಿ?"

ಕೆಳಗಿನಮನೆಯ ಅತ್ತೆ, "ಯಾವ ಚೊಂಬು?" ಅಂದರು.

"ಎಂತ ಯಾವ ಚೊಂಬು? ಹಾಲಿಗೆ ಒಯ್ದದ್ದು. ತಾಮ್ರದ್ದು. ಕಂಠ ನೆಗ್ಗಿದ್ದು."

"ಅದನ್ನು ನಿನ್ನ ಸೊಸೆ ಕೈಲಿ ಆವಾಗಲೇ ಕೊಟ್ಟಾಯ್ತು."

"ಸುಳ್ಳು."

ಶುರುವಾಯಿತು ನೋಡಿ. ಚೊಂಬಿನಿಂದ ಹಾಲಿಗೆ, ಹಾಲಿನಿಂದ ಬೇಲಿ ಹಾರಿದ ಎಮ್ಮೆಗೆ, ಎಮ್ಮೆಯಿಂದ ಯಾರದೋ ಮದುವೆಯಲ್ಲಿ ಯಾರನ್ನೋ ಕರೆಯದೆ ಇದ್ದದ್ದಕ್ಕೆ. ಅಜ್ಜಿಯ ಮುಖ ಕೆಂಪಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಯಲಿನ ಊರಿನಲ್ಲಿ ಅಕ್ಕಪಕ್ಕದವರೆಲ್ಲ ಒಳ್ಳೆಯವರೇ. ಆದರೆ ಅವಳು ಅಲ್ಲಿ ಯಾರ ಜೊತೆಗೂ ಒಮ್ಮೆಯೂ ಜಗಳ ಆಡಿರಲಿಲ್ಲ. ಅದು ನನಗೆ ಹೊಳೆದದ್ದು ಆ ಜಗಲಿಯ ಮೇಲೆ.

ಈ ಗಲಾಟೆಯಲ್ಲಿ ಸಂಜೆಯ ಕೊನೇ ಲಾಂಚ್ ತಪ್ಪಿತು. ಆಗೆಲ್ಲ ಅದು ತಪ್ಪಿದರೆ ಮುಗಿಯಿತು, ಬೆಳಗಿನವರೆಗೆ ಅಲ್ಲೇ. ಜ್ವರ ಬಂದವರೂ, ಹೆರಿಗೆ ನೋವಿನವರೂ ಕಾಯಬೇಕಿತ್ತು. ಅವರ ಪಾಡು ಹೇಳಲು ಇನ್ನೊಂದು ಭಾಷಣವೇ ಬೇಕು. ಈಗ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಆಗಿದೆ, 2025ರ ಜುಲೈಯಿಂದ. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಕಾರಿನಲ್ಲಿ ಕೂತು ಮಾತು ಮುಗಿಸುವಷ್ಟರಲ್ಲಿ ಆಚೆ ದಡ.

ರಾತ್ರಿ ಊಟಕ್ಕೆ ಮಿಡಿ ಉಪ್ಪಿನಕಾಯಿ ಬಡಿಸಿದರು. ಅಜ್ಜಿ ಮೂಸಲಿಲ್ಲ, ಯಾವ ಮರದ್ದು ಅಂತ ಕೇಳಲಿಲ್ಲ. ಇನ್ನೊಂದು ಹಾಕಿಸಿಕೊಂಡಳು. ಅವರಿಬ್ಬರೂ ಮಲಗುವಾಗ ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿಲ್ಲ, ಚಿಮಣಿ ಉರಿಯುತ್ತಲೇ ಇತ್ತು.

ಬೆಳಿಗ್ಗೆ ಅಟ್ಟದಲ್ಲಿ ಹುಡುಕಿದರೆ ಚೊಂಬು ಸಿಕ್ಕಿತು. ಕಂಠ ನೆಗ್ಗಿದ್ದೇ. ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಗೆದ್ದವಳ ಹಾಗೆ ಚೀಲಕ್ಕೆ ಹಾಕಿಕೊಂಡಳು.

ಲಾಂಚ್ ಅರ್ಧ ನೀರಿಗೆ ಬಂದಾಗ ಚೀಲ ನೋಡಿದೆ. ಚೊಂಬು ಇರಲಿಲ್ಲ.

"ಅಜ್ಜಿ, ಚೊಂಬು?"

"ಜಗಲಿ ಮೇಲೆ ಬಿಟ್ಟು ಬಂದೆ ಕಾಣ್ತದೆ. ಮರೆತೆ" ಅಂದಳು.

ಹಂಚಿದ ಮಿಡಿಯನ್ನು ಎಣಿಸಿ ನೆನಪಿಟ್ಟುಕೊಂಡಿದ್ದವಳು ನನ್ನ ಅಜ್ಜಿ. ನಾನು ಏನೂ ಹೇಳಲಿಲ್ಲ. ಆಚೆ ದಡ ನೋಡುತ್ತಾ ಅವಳೇ ಕೇಳಿದಳು, "ನಿನಗೆ ಇನ್ನು ರಜೆ ಯಾವಾಗ?"

ನಮಸ್ಕಾರ.